ರೆಫರೆನ್ಸ್‌ಗೆ ಬರೀ ನಂಬರ್ ಸಾಕೇ?

ಪರ: ನಂಬರ್ ಇದ್ದರೆ ಓದು ಸಲೀಸು

ಆಕರದ ಲೇಖಕರ ಹೆಸರು, ವರ್ಷವನ್ನು ಸಾಲಿನಲ್ಲೇ ಬರೆಯುವ ಹಾರ್ವರ್ಡ್ ಶೈಲಿಯ ಮೇಲೆ ನನಗೇನೂ ಸಿಟ್ಟಿಲ್ಲ. ಬೇರೆ ವಿಷಯಗಳಿಗೆ ಅದೇ ಚೆನ್ನ ಇರಬಹುದು. ವೈದ್ಯಕೀಯ ಸಂಶೋಧನಾ ಪೇಪರ್‌ಗೆ ಮಾತ್ರ, ಸಾಲಿನಲ್ಲಿ ಬರೀ ನಂಬರ್ ಹಾಕಿ ಆಕರದ ವಿವರವನ್ನು ಕೊನೆಯ ಪಟ್ಟಿಯಲ್ಲಿ ಕೊಡುವುದೇ ಅನುಕೂಲ.

ಒಂದು ಚಿಕಿತ್ಸೆಯಿಂದ ಗುಣವಿದೆ ಎಂಬ ಒಂದೇ ವಾಕ್ಯಕ್ಕೆ ಆರೇಳು ಅಧ್ಯಯನಗಳ ಆಧಾರ ಇರುತ್ತದೆ. ಅಷ್ಟೂ ಹೆಸರು, ವರ್ಷಗಳನ್ನು ಕಂಸದಲ್ಲಿ ತುಂಬಿದರೆ ವಾಕ್ಯ ಎಲ್ಲಿ ಶುರುವಾಯಿತು ಅನ್ನೋದೇ ಮರೆತುಹೋಗುತ್ತದೆ. ನಂಬರ್ ಆದರೆ 4–10 ಎಂದರೆ ಮುಗಿಯಿತು. ಓದು ಎಲ್ಲೂ ತಡೆಯುವುದಿಲ್ಲ.

1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸೇರಿದ್ದರು. ತಮಗೆ ಬರುವ ಪೇಪರ್‌ಗಳು ಹೇಗಿರಬೇಕು ಎಂದು ಗೊತ್ತುಮಾಡಿಕೊಂಡರು. ಈ ನಂಬರ್ ಶೈಲಿಗೆ ವ್ಯಾಂಕೂವರ್ ಎಂಬ ಹೆಸರು ಬಂದದ್ದು ಹಾಗೆ. ಮೊದಲು ಬಂದ ಆಕರಕ್ಕೆ 1, ಮುಂದಿನದಕ್ಕೆ 2. ಅದೇ ಪೇಪರ್ ಮತ್ತೆ ಬಂದರೆ ಹಳೇ ನಂಬರೇ. ಪಟ್ಟಿಯಲ್ಲಿ ಸಾಮಾನ್ಯವಾಗಿ ಆರು ಲೇಖಕರ ಹೆಸರು, ಜಾಸ್ತಿ ಇದ್ದರೆ ಆಮೇಲೆ ‘ಮತ್ತಿತರರು’. ಜರ್ನಲ್ ಹೆಸರೂ ಚುಟುಕು, ಪುಟಸಂಖ್ಯೆಯೂ ಚುಟುಕು: 284–287 ಎಂಬುದು 284–7. ಎಲ್ಲಕ್ಕೂ ಒಂದು ಕ್ರಮವಿದೆ.

ಸಾಲಿನಲ್ಲಿ ಲೇಖಕರ ಹೆಸರು ಕಾಣುವುದಿಲ್ಲ ಎಂದು ದೂರುವವರಿದ್ದಾರೆ. ಪಟ್ಟಿ ಕೊನೆಯಲ್ಲೇ ಇದೆಯಲ್ಲ? ದೊಡ್ಡವರ ಹೆಸರು ಕಂಡ ತಕ್ಷಣ ಮಣೆ ಹಾಕುವ ಅಭ್ಯಾಸಕ್ಕೆ ಪೇಪರ್ ಯಾಕೆ ನೀರೆರೆಯಬೇಕು?

ವಿರೋಧ: ನಂಬರ್ ತಪ್ಪಿದರೆ ಯಾರಿಗೂ ಕಾಣದು

ನನ್ನ ಗೆಳತಿಯೊಬ್ಬಳು ಮಕ್ಕಳ ವೈದ್ಯೆ. ಪೇಪರೊಂದನ್ನು ಜರ್ನಲ್‌ಗೆ ಕಳಿಸುವ ಮುಂಚೆ ಒಮ್ಮೆ ಓದಿಕೊಡು ಎಂದಳು. ಮಕ್ಕಳಿಗೆ ಒಂದು ಔಷಧ ಎಷ್ಟು ಕೊಡಬೇಕು ಎಂಬ ಸಾಲಿಗೆ 17 ಎಂಬ ನಂಬರ್ ಇತ್ತು. ಪಟ್ಟಿಯಲ್ಲಿ 17 ನೋಡಿದರೆ, ಅದು ದೊಡ್ಡವರ ಮೇಲೆ ನಡೆದ ಅಧ್ಯಯನ! ಮಕ್ಕಳದ್ದು 18ರಲ್ಲಿ ಕೂತಿತ್ತು.

ಫೈಲು ಸಹಲೇಖಕರ ಕಂಪ್ಯೂಟರ್‌ಗೆ ಹೋಗಿ ಬರುವಾಗ, ನಂಬರಿಗೂ, ಅದನ್ನು ಪಟ್ಟಿಗೆ ತಾನೇ ಹೊಂದಿಸುವ ರೆಫರೆನ್ಸ್ ಸಾಫ್ಟ್‌ವೇರ್‌ಗೂ ಇದ್ದ ಕೊಂಡಿ ಕಳಚಿತ್ತು. ಆಮೇಲೆ ಒಬ್ಬರು ನಡುವೆ ಒಂದು ಆಕರ ಸೇರಿಸಿದರು. ಪಟ್ಟಿ ಒಂದು ಸ್ಥಾನ ಕೆಳಗೆ ಸರಿಯಿತು, ಸಾಲಿನ ನಂಬರ್ ಇದ್ದಲ್ಲೇ ನಿಂತಿತು. ಲೇಖಕರೆಲ್ಲ ಓದಿದ್ದರು. ಒಬ್ಬರ ಕಣ್ಣಿಗೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? 17 ಅನ್ನೋದನ್ನು ಬರೀ ನೋಡಿ ಅದು ಯಾರ ಅಧ್ಯಯನ, ಯಾರ ಮೇಲೆ ನಡೆದದ್ದು ಅಂತ ಹೇಳಲಾಗುತ್ತದೆಯೇ? ಹೆಸರು, ವರ್ಷ ಇದ್ದಿದ್ದರೆ ಪಟ್ಟಿಗೆ ಎಷ್ಟೇ ಸೇರಿಸಿದರೂ ಆ ಸಾಲು ಕೆಡುತ್ತಿರಲಿಲ್ಲ. ಇದು ಮಗುವಿನ ಔಷಧದ ಮಾತು. ಪುಟದ ಅಂದಕ್ಕಾಗಿ ಇಂಥ ಅಪಾಯ ಯಾಕೆ?

ನಂಬರ್ ವರ್ಷವನ್ನೂ ಮುಚ್ಚಿಡುತ್ತದೆ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐದೇ ವಾಕ್ಯಗಳ ಒಂದು ಪತ್ರ ಬಂದಿತ್ತು. ಆಸ್ಪತ್ರೆಯಲ್ಲಿ ಒಪಿಯಾಯ್ಡ್ (ಅಫೀಮಿನ ಬಗೆಯ) ನೋವುನಿವಾರಕ ಪಡೆದವರಿಗೆ ಚಟ ಹತ್ತುವುದು ಅಪರೂಪ ಎಂದು ಅದು ಹೇಳಿತ್ತು. 2017ರಲ್ಲಿ ಅದೇ ಜರ್ನಲ್‌ನಲ್ಲಿ ಬಂದ ಒಂದು ಲೆಕ್ಕದ ಪ್ರಕಾರ, ಆ ಪತ್ರವನ್ನು 608 ಬರಹಗಳು ಉಲ್ಲೇಖಿಸಿದ್ದವು. ಅದು ಆಸ್ಪತ್ರೆಯಲ್ಲಿದ್ದ ರೋಗಿಗಳ ಮಾತು ಎಂದು ಹತ್ತರಲ್ಲಿ ಎಂಟು ಬರಹಗಳು ಹೇಳಿರಲೇ ಇಲ್ಲ. ಅದಕ್ಕೆಲ್ಲ ನಂಬರೇ ಕಾರಣ ಅನ್ನುತ್ತಿಲ್ಲ. ಆದರೆ ಸಾಲಿನಲ್ಲೇ 1980 ಎಂದು ಕಂಡರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಇಷ್ಟು ಹಳೆಯದಾ, ಹೊಸದೇನೂ ಇಲ್ವಾ ಅಂತ ಕೇಳುತ್ತಾರೆ. ಮೂಲ ತೆರೆದು ನೋಡುವುದು ಶುರುವಾಗುವುದೇ ಅಂಥ ಪ್ರಶ್ನೆಯಿಂದ.

ಒಂದು ವಾಕ್ಯಕ್ಕೆ ಏಳು ಆಕರ ಬೇಕು ಅನ್ನುವವರು ಆ ಏಳನ್ನೂ ಓದಿರುತ್ತಾರೆಯೇ? 4–10 ಎಂದು ಬರೆಯುವುದು ಸುಲಭ, ಅದಕ್ಕೇ ರಾಶಿ ಹಾಕುತ್ತಾರೆ. ಒಂದೊಂದರ ಹೆಸರು, ವರ್ಷ ಬರೆಯಬೇಕಾಗಿ ಬಂದರೆ ನಿಜಕ್ಕೂ ಬೇಕಾದ ಎರಡೋ ಮೂರೋ ಮಾತ್ರ ಉಳಿಯುತ್ತವೆ.