ದಿನಕರ ದೇಸಾಯಿ ಅಂದರೆ ಬರೀ ಚುಟುಕವಾ?

ದಿನಕರ ದೇಸಾಯಿಯವರ ಹೆಸರಿನಲ್ಲಿ ಕಾರ್ಯಕ್ರಮ ಅಂದರೆ ಸಾಕು, ಚುಟುಕು ಗೋಷ್ಠಿ. ಶಾಲು, ಹಾರ, ನಾಲ್ಕು ಸಾಲು, ಚಪ್ಪಾಳೆ. ಅವರ ಚೌಪದಿ ನನಗೂ ಇಷ್ಟವೇ. ಆದರೆ ಅವರು ಕಾರ್ಮಿಕ ನಾಯಕ ಅನ್ನುವುದನ್ನು ನಮ್ಮ ಅಂಕೋಲೆಯವರೇ ಮರೆತರೆ ಹೇಗೆ?

1909ರಲ್ಲಿ ಹುಟ್ಟಿದವರು. ಎಂ.ಎ., ಎಲ್‌ಎಲ್‌ಬಿ. ಮುಂಬೈಯಲ್ಲಿ ವಕೀಲಿಕೆ ಹಿಡಿದಿದ್ದರೆ ಕೈತುಂಬ ಕಾಸು ಬರುತ್ತಿತ್ತು. ಇವರು ಗೋಪಾಲಕೃಷ್ಣ ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜ ಸೇರಿ ಹಡಗು ಕಾರ್ಮಿಕರ ಸಂಘದ ಕೆಲಸಕ್ಕೆ ಇಳಿದರು. ಆಗ ಹಡಗಿನಲ್ಲಿ ಕೆಲಸ ಬೇಕಾದರೆ ಸಾರಂಗನ, ಅಂದರೆ ಹಡಗಿನ ಆಳುಗಳ ಮೇಸ್ತ್ರಿಯ, ಕೈ ಬಿಸಿ ಮಾಡಬೇಕಿತ್ತು. ಆಳು ಆರಿಸುವವನು ಅವನೇ. ಕೆಲಸ ಸಿಗುವವರೆಗೆ ಮುಂಬೈಯಲ್ಲಿ ದಿನ ದೂಡಲು ಸಾಲ. ಸಿಕ್ಕಿದ ಮೇಲೆ ಸಾಲ, ಲಂಚ ಎರಡೂ ಕಳೆದು ಮನೆಗೆ ಎಷ್ಟು ಮುಟ್ಟೀತು? ಹಡಗು ಕಾರ್ಮಿಕರ ಬದುಕಿನ ಬಗ್ಗೆ ದೇಸಾಯಿಯವರು 1940ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಗೋಷ್ಠಿಗಳಲ್ಲಿ ಅದರ ಸುದ್ದಿಯೇ ಇಲ್ಲ.

ಊರಿನ ಒಕ್ಕಲಿನ ಪಾಡೂ ಬೇರೆ ಇರಲಿಲ್ಲ. ಉಳುವವರು ಹಾಲಕ್ಕಿ ಒಕ್ಕಲಿಗರು, ಭತ್ತ ಹೋಗುವುದು ಒಡೆಯರ ಕಣಜಕ್ಕೆ. ಗೇಣಿ ಬಾಕಿ ಉಳಿಯಿತಾ, ಗದ್ದೆ ಬಿಡು. ಮೇಲಿಂದ ಬಿಟ್ಟಿ ಚಾಕರಿ. ದೇಸಾಯಿಯವರು ಇಂಥವರನ್ನು ಸೇರಿಸಿ ರೈತಕೂಟ ಕಟ್ಟಿದರು. ಒಡೆಯರ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದವರು ಸಭೆಗೆ ಬಂದು ಕೂತರು. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1940ರಲ್ಲಿ ಅಲ್ಲಿನ ಸರಕಾರ ಅವರನ್ನು ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಬರೀ ಪದ್ಯ ಬರೆದುಕೊಂಡಿದ್ದರೆ ಹೀಗೆ ಮಾಡುತ್ತಿದ್ದರಾ, ಹೇಳಿ.

ಅವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟು, ಅದರ ಶಾಲೆಗಳು, ಗೋಖಲೆ ಶತಾಬ್ದಿ ಕಾಲೇಜು ಎಲ್ಲರಿಗೂ ಗೊತ್ತು. ನನಗೆ ಅವೂ ರೈತಕೂಟದ ಮುಂದುವರಿದ ಕೆಲಸದ ಹಾಗೇ ಕಾಣುತ್ತವೆ. ಗೇಣಿದಾರನ ಮಗ ಗೇಣಿ ಚೀಟಿಯನ್ನು ತಾನೇ ಓದಿಕೊಂಡರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. ಪಕ್ಷದ ಬಲ ಇಲ್ಲದೆ! 1971ರಲ್ಲಿ ಕ್ಷೇತ್ರ ಮತ್ತೆ ಕಾಂಗ್ರೆಸ್ಸಿಗೆ ಹೋಯಿತು. ಒಂದೇ ಅವಧಿ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಉಳುವವನಿಗೇ ಭೂಮಿ ಅಂದ 1974ರ ಭೂ ಸುಧಾರಣೆಗೆ ದೇವರಾಜ ಅರಸರ ಹೆಸರು ಹೇಳುವುದು ಸರಿಯೇ. ಆದರೆ ಒಡೆಯರ ಎದುರು ಅರ್ಜಿ ಹಾಕುವ ಧೈರ್ಯ ನಮ್ಮ ಗೇಣಿದಾರರಿಗೆ ರಾತ್ರೋರಾತ್ರಿ ಬಂದಿದ್ದಲ್ಲ.

ಇವತ್ತು ನಮ್ಮ ಕರಾವಳಿಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರು ದುಡಿಯುತ್ತಿದ್ದಾರೆ. ಮುಂಗಡ ಕೊಟ್ಟವರು ಯಾರು, ಸಂಬಳದಲ್ಲಿ ಮುರಿದುಕೊಳ್ಳುವವರು ಯಾರು ಅಂತ ನಾವು ಕೇಳುವುದಿಲ್ಲ. ನವೆಂಬರ್ 6 ದೇಸಾಯಿಯವರು ತೀರಿಕೊಂಡ ದಿನ. ಗೋಷ್ಠಿ ಇಡಿ, ಬೇಡ ಅನ್ನಲ್ಲ. ಅದೇ ವೇದಿಕೆಗೆ ಅಂಥ ಒಬ್ಬ ಹುಡುಗನನ್ನೂ ಕರೆಯಿರಿ. ಶಾಲು ಬೇಡ, ಮೈಕು ಕೊಡಿ. ಹಿಂದಿ ಬರುವವರು ಯಾರಾದರೂ ಪಕ್ಕದಲ್ಲಿದ್ದರೆ ಸಾಕು.