ನೋಂದಣಿಯ ಲಾಭ ಸಂಶೋಧಕರಿಗಷ್ಟೇ ಅಲ್ಲ
ಅಪರೂಪದ ಆನುವಂಶಿಕ ಮೂತ್ರಪಿಂಡ ಕಾಯಿಲೆಗಳ ರೋಗಿ ನೋಂದಣಿಯಿಂದ (ರೋಗಿಗಳ ಮಾಹಿತಿಯನ್ನು ಒಂದೆಡೆ ಸೇರಿಸಿಡುವ ವ್ಯವಸ್ಥೆಯಿಂದ) ಸಂಶೋಧಕರಿಗಷ್ಟೇ ಲಾಭ ಎಂದು ಲೇಖನವೊಂದರಲ್ಲಿ ಬಂದ ಮಾತನ್ನು ಒಪ್ಪಲಾರೆ. ಬ್ರಿಟನ್ನಿನಲ್ಲಿ 2010ರಲ್ಲಿ ಆರಂಭವಾದ ‘ರೇಡಾರ್’ ನೋಂದಣಿಯಲ್ಲಿ 25,000ಕ್ಕೂ ಹೆಚ್ಚು ಜನರ ಮಾಹಿತಿ ವರ್ಷಗಟ್ಟಲೆ ಸೇರುತ್ತ ಬಂದುದರಿಂದಲೇ, ಅಪರೂಪದ ಮೂತ್ರಪಿಂಡ ಕಾಯಿಲೆ ಇರುವವರಲ್ಲಿ ಮೂತ್ರಪಿಂಡ ವೈಫಲ್ಯದ ಸಾಧ್ಯತೆ ಇತರ ದೀರ್ಘಕಾಲಿಕ ಮೂತ್ರಪಿಂಡ ರೋಗಿಗಳಿಗಿಂತ ಹೆಚ್ಚು, ವೈಫಲ್ಯಕ್ಕೂ ಮುನ್ನ ಸಾವಿನ ಸಾಧ್ಯತೆ ಕಡಿಮೆ ಎಂಬುದು 2024ರಲ್ಲಿ ಸ್ಪಷ್ಟವಾಯಿತು. ಡಯಾಲಿಸಿಸ್‌ಗೋ ಕಸಿಗೋ ಮೊದಲೇ ಸಿದ್ಧರಾಗಬೇಕಾದ ಮನೆಯವರಿಗೆ ಇದಕ್ಕಿಂತ ಬೇಕಾದ ಮಾಹಿತಿ ಯಾವುದು? ನನ್ನ ಅಕ್ಕನ ಮಗನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದಾಗ ಒಬ್ಬ ವೈದ್ಯರು, ಕಿವಿ ಮಂದವಾದಾಗ ಇನ್ನೊಬ್ಬರು ಬೇರೆ ಬೇರೆ ಫೈಲು ತೆರೆದರು. ಎರಡನ್ನೂ ಒಟ್ಟಿಗೆ ಇಟ್ಟು, ಇದು ಮೂತ್ರಪಿಂಡ ಮತ್ತು ಕಿವಿ ಎರಡನ್ನೂ ಬಾಧಿಸುವ ಆನುವಂಶಿಕ ಕಾಯಿಲೆಯಾದ ಆಲ್‌ಪೋರ್ಟ್ ಸಿಂಡ್ರೋಮ್ ಎಂದು ಹೇಳುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಪರೂಪದ ಕಾಯಿಲೆಗಳ ನೋಂದಣಿ ನಮ್ಮಲ್ಲೂ ಇದೆ. ಅದರ ಬಗ್ಗೆ ನಮಗೆ ಆ ಆರು ವರ್ಷಗಳಲ್ಲಿ ಯಾರೂ ಹೇಳಲಿಲ್ಲ.