ನೆಂಟರಿಲ್ಲದ ಬೇಸಿಗೆಯ ಪಟ್ಟಿ

ಉತ್ತರ ಕನ್ನಡದಲ್ಲಿ ಮನೆ ಇದ್ದವರಿಗೆ ಬೇಸಿಗೆ ರಜೆ ಅಂತ ಇರುವುದಿಲ್ಲ. ನೆಂಟರ ಸೀಸನ್ ಅಂತ ಇರುತ್ತದೆ. ಮಕ್ಕಳ ಪರೀಕ್ಷೆ ಮುಗಿಯಿತೋ ಇಲ್ಲವೋ, ಬೆಂಗಳೂರು, ಹುಬ್ಬಳ್ಳಿ, ಪುಣೆ ಅಂತ ನಮ್ಮವರು ಎಲ್ಲೆಲ್ಲಿ ಹೋಗಿ ಕೂತಿದ್ದಾರೋ ಅಲ್ಲಿಂದೆಲ್ಲ ಫೋನು ಶುರು. "ಮಳೆಗಾಲದಲ್ಲಿ ನಿಮ್ಮ ಕಡೆ ಜಿಗಣೆ ಅಲ್ವಾ, ಅದಕ್ಕೆ ಈಗಲೇ ಬಂದು ಹೋಗ್ತೇವೆ." ನಮ್ಮ ಮನೆ ಕುಮಟಾದಲ್ಲಿ. ಗೋಕರ್ಣ ಹತ್ತಿರ, ಯಾಣ ಹತ್ತಿರ, ಮಿರ್ಜಾನ್ ಕೋಟೆ ಇನ್ನೂ ಹತ್ತಿರ, ಮುರ್ಡೇಶ್ವರ ಅಂದರೆ ಒಂದು ತಾಸಿನ ದಾರಿ. ಇದೇ ಜಾಗದಲ್ಲಿ ಲಾಡ್ಜ್ ಕಟ್ಟಿದ್ದರೆ ಇಷ್ಟೊತ್ತಿಗೆ ಶ್ರೀಮಂತರಾಗುತ್ತಿದ್ದೆವು. ನಮ್ಮ ಮಾವನವರು ಮನೆ ಕಟ್ಟಿ ಹೋದರು.

ಹೀಗಾಗಿ ನಾನು ಯಾಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಆದರೆ ಯಾಣ ನೋಡಿಲ್ಲ. ಯಾರಾದರೂ ಒಬ್ಬರು ಬ್ಯಾಗು ಕಾಯಬೇಕಲ್ಲ. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡ ಮಗುವಿನ ಅಂಗಿ ತೊಳೆದು ಒಣಗಿಸಬೇಕು, ಮಂಡಿ ನೋವಿನ ಅತ್ತೆ ಮೆಟ್ಟಿಲ ಬುಡದಲ್ಲಿ ಕೂತರೆ ಅವರ ಜೊತೆ ಕೂರಬೇಕು, ಅವರ ಮಗಳ ಮದುವೆಯ ಊಟದಲ್ಲಿ ಹೋಳಿಗೆ ಕಡಿಮೆ ಬಿದ್ದ ಕಥೆ ಮತ್ತೆ ಕೇಳಬೇಕು. ಅಷ್ಟರಲ್ಲಿ ಮೇಲೆ ಹೋದವರು ಇಳಿದು ಬರುತ್ತಾರೆ. "ಸೂಪರ್ ಇದೆ, ನೀವು ಬಿಡಿ, ಎಷ್ಟೋ ಸಲ ನೋಡಿರ್ತೀರಿ." ಮುರ್ಡೇಶ್ವರದ್ದೂ ಇದೇ ಪಾಡು. 123 ಅಡಿ ಶಿವನ ಮುಂದೆ ತೆಗೆದ ನಮ್ಮ ಬಳಗದ ಫೋಟೋಗಳನ್ನೆಲ್ಲ ಹುಡುಕಿದರೂ ನಾನಿಲ್ಲ. ಒಂದರ ಮೂಲೆಯಲ್ಲಿ ನನ್ನ ಹೆಬ್ಬೆರಳಿದೆ.

ಅದಕ್ಕೇ ಈ ವರ್ಷ ಏಪ್ರಿಲ್ ಮೊದಲೇ ಕೂತು ನನ್ನದೇ ಒಂದು ಪಟ್ಟಿ ಬರೆದೆ. ಮೊಬೈಲಿನಲ್ಲಿ ಬರುವ ಬಕೆಟ್ ಲಿಸ್ಟ್‌ಗಳೆಲ್ಲ ಬಲೂನಿನಲ್ಲಿ ಹಾರಿ, ಸರ್ಫಿಂಗ್ ಕಲಿಯಿರಿ, ಟೆಂಟ್ ಹಾಕಿ ನಕ್ಷತ್ರದ ಕೆಳಗೆ ಮಲಗಿ ಅನ್ನುತ್ತವೆ. ಕರೆಂಟು ಹೋದ ರಾತ್ರಿ ನಾವು ಅಂಗಳದಲ್ಲಿ ನಕ್ಷತ್ರದ ಕೆಳಗೇ ಮಲಗುತ್ತೇವೆ, ಸೊಳ್ಳೆ ಬೇರೆ ಉಚಿತ. ನನ್ನ ಪಟ್ಟಿಗೆ ಎರಡೇ ಷರತ್ತು. ನೆಂಟರು ಜೊತೆಗಿರಬಾರದು. ಆಮೇಲೆ ಯಾರಾದರೂ "ಇದರಿಂದ ಎಂತ ಉಪಯೋಗ" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಬಾರದು. ಯಾಣದ ಗುಹೆಯಲ್ಲಿ ಸುಮ್ನೆ ನಿಲ್ಲಬೇಕು. ಕೆಲಸ ಇಲ್ಲದೆ ಕಾರವಾರಕ್ಕೆ ಹೋಗಬೇಕು. ಒಂದು ಯಕ್ಷಗಾನದ ಆಟವನ್ನು ಶುರುವಿನ ಚೌಕಿಪೂಜೆಯಿಂದ ಕೊನೆಯ ಮಂಗಳದವರೆಗೆ ನಿದ್ದೆ ಮಾಡದೆ ನೋಡಬೇಕು. ಸಮುದ್ರದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರಬೇಕು. ಕರಿ ಇಶಾಡ ಮಾವಿನ ಹಣ್ಣನ್ನು ಚಾಕು ಮುಟ್ಟಿಸದೆ ತಿನ್ನಬೇಕು. ಮಾವಿನಕಾಯಿಯ ಅಪ್ಪೆಹುಳಿ ಕುಡಿದು ಮಧ್ಯಾಹ್ನ ಮಲಗಿದರೆ ಯಾರೂ ಎಬ್ಬಿಸದೆ ನಾನಾಗೇ ಏಳಬೇಕು.

ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. "ಇದ್ರಲ್ಲಿ ಹಪ್ಪಳ ಎಲ್ಲಿದ್ದು?" ಅಂದರು. ಹಲಸಿನ ಹಪ್ಪಳ ಇಲ್ಲದ ಬೇಸಿಗೆ ಪಟ್ಟಿ ಅವರ ಪ್ರಕಾರ ಪಟ್ಟಿಯೇ ಅಲ್ಲ. ಸಂಜೆ ನೋಡಿದರೆ ಕೆಳಗೆ ಅವರ ಗುಂಡಗಿನ ಅಕ್ಷರದಲ್ಲಿ "ಹಪ್ಪಳ, ಸಂಡಿಗೆ, ಮಿಡಿ ಉಪ್ಪಿಗೆ ಹಾಕುವುದು" ಸೇರಿತ್ತು. ಮಾರನೇ ದಿನ ಇವರು "ಬಾವಿ ಕೆಸರು ತೆಗೆಸುವುದು, ಮಾಡಿನ ಹಂಚು" ಅಂತ ಬರೆದರು. ಮಗಳು ಬರೆದದ್ದು "ನನಗೆ ಹೊಸ ಫೋನ್". ಪಟ್ಟಿಯ ತಲೆಬರಹ ಮಾತ್ರ ನನ್ನದೇ ಉಳಿಯಿತು.

ಇರಲಿ ಅಂತ ಸುಲಭದ್ದರಿಂದ ಶುರು ಮಾಡಿದೆ. ಕಾರವಾರ. ಜಿಲ್ಲೆಯ ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಅವರಿಗೆ ಕಾರವಾರ ಅಂದರೆ ಬೀಚು, ಕಾಳಿ ನದಿ, ಸದಾಶಿವಗಡ. ನಮಗೆ ಕಾರವಾರ ಅಂದರೆ ಜಿಲ್ಲಾ ಕೇಂದ್ರ. ಅರ್ಜಿ, ತಕರಾರು, ಕೋರ್ಟು, ನಕಲು ಪ್ರತಿ. ಸಿದ್ದಾಪುರ, ಶಿರಸಿ ಕಡೆಯವರಂತೂ ಒಂದು ಸಹಿಗಾಗಿ ಘಟ್ಟ ಇಳಿದು ಬಂದು ಮತ್ತೆ ಘಟ್ಟ ಹತ್ತಬೇಕು. ಸಮುದ್ರ ಅಲ್ಲೇ ರಸ್ತೆಯ ಪಕ್ಕ ಇರುತ್ತದೆ, ಆದರೆ ಫೈಲು ಹಿಡಿದವರ ಕಣ್ಣು ಗಡಿಯಾರದ ಮೇಲೆ. ಕೈ ಬೀಸಿಕೊಂಡು ಅಲ್ಲಿಗೆ ಹೋಗುವ ಸುಖವೇ ಬೇರೆ ಅಂತ ನನ್ನ ಲೆಕ್ಕ.

ಕೊಂಕಣ ರೈಲಿನ ಕಿಟಕಿ ಸೀಟು, ಸುರಂಗ ಬಂದಾಗೆಲ್ಲ ಕಿರುಚುವ ಮಕ್ಕಳು, ನಡುನಡುವೆ ಹಿನ್ನೀರು, ತೆಂಗು. ಎಲ್ಲ ನಾನು ಅಂದುಕೊಂಡ ಹಾಗೇ ಇತ್ತು. ಒಂದೇ ಒಂದು ವ್ಯತ್ಯಾಸ. ಹೊರಡುವಾಗ ಇವರು ಒಂದು ಪ್ಲಾಸ್ಟಿಕ್ ಫೋಲ್ಡರ್ ತಂದು ಕೈಗೆ ಕೊಟ್ಟಿದ್ದರು. "ಹೇಗೂ ಹೋಗ್ತಾ ಇದ್ದೆ ಅಲ್ದಾ, ಈ ಅರ್ಜಿ ಕೊಟ್ಟು ಬಾ. ಐದು ನಿಮಿಷದ ಕೆಲಸ."

ಆ ಐದು ನಿಮಿಷ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು. ಸಾಹೇಬರು ಮೀಟಿಂಗಿನಲ್ಲಿದ್ದರು. ಝೆರಾಕ್ಸ್ ಇನ್ನೊಂದು ಪ್ರತಿ ಬೇಕಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಇರಲಿಲ್ಲ. ಕರೆಂಟು ಬಂದಾಗ ಊಟದ ಹೊತ್ತು. ಊಟ ಮುಗಿದಾಗ ಕೌಂಟರಿನವರು ಬೇರೆ. ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಳಿಯಾಳದ ಅಜ್ಜನಿಗೆ ನನ್ನ ಪಟ್ಟಿಯ ವಿಷಯ ಹೇಳಿದೆ. ಅವರು ಬಾಯಲ್ಲಿದ್ದ ಕವಳವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ಬಹಳ ಹೊತ್ತು ನನ್ನನ್ನೇ ನೋಡಿ, "ಕೆಲಸ ಇಲ್ದನ ಇಲ್ಲಿಗೆ ಯಾಕ ಬರ್ತೀರಿ?" ಅಂದರು.

ಕೊನೆಗೂ ಟ್ಯಾಗೋರ್ ಕಡಲತೀರಕ್ಕೆ ಹೋದಾಗ ಬಿಸಿಲು ಇಳಿದಿತ್ತು. ರವೀಂದ್ರನಾಥ ಟ್ಯಾಗೋರರು 1880ರ ದಶಕದಲ್ಲಿ ಇಲ್ಲಿಗೆ ಬಂದಿದ್ದರು, ಇಲ್ಲಿದ್ದಾಗಲೇ ಒಂದು ನಾಟಕವನ್ನೂ ಬರೆದರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಹೇಗೆ ಬಂದರು ಅಂತ ಯಾರೂ ಯೋಚಿಸುವುದಿಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅಂದರೆ ಮಹಾಕವಿಗಳೂ ಬಂದದ್ದು ನೆಂಟರಾಗಿಯೇ! ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದದ್ದನ್ನು ಅವರು ಚೆಂದ ಮಾಡಿ ಬರೆದಿದ್ದಾರೆ. ಅಷ್ಟೊತ್ತಿಗೆ ಮನೆಯಲ್ಲಿ ಯಾರು ಅನ್ನಕ್ಕೆ ಎಸರಿಟ್ಟಿದ್ದರು ಅನ್ನುವುದನ್ನೂ ಒಂದು ಸಾಲು ಬರೆಯಬಹುದಿತ್ತು. ನಾನು ಹೀಗೆಲ್ಲ ಯೋಚಿಸುತ್ತಾ ಮರಳಿನಲ್ಲಿ ಕೂತು, ಐಎನ್‌ಎಸ್ ಚಪಲ್ ಹಡಗಿನ ಕಡೆ ನೋಡುತ್ತಾ ಶೇಂಗಾ ತಿನ್ನುತ್ತಿದ್ದರೆ, ಹೆಂಡತಿ ಮಕ್ಕಳ ಜೊತೆ ಐಸ್‌ಕ್ರೀಂ ಹಿಡಿದು ಬಂದ ಒಬ್ಬರು ನನ್ನ ಮುಂದೆ ನಿಂತರು. ಮಧ್ಯಾಹ್ನದ ಕೌಂಟರಿನವರು. "ಮೇಡಂ, ನಿಮ್ಮ ಎರಡನೇ ಪ್ರತಿಗೆ ಸಹಿ ಇಲ್ಲ. ನಾಳೆ ಬನ್ನಿ."

ಸಮುದ್ರದ ಕಥೆ ಇನ್ನೂ ಬೇರೆ. ನಾನು ಶಿರಸಿ ಸೀಮೆಯವಳು. ಮದುವೆಯಾಗಿ ಘಟ್ಟದ ಕೆಳಗೆ ಬಂದು ಇಷ್ಟು ವರ್ಷವಾದರೂ ಸಮುದ್ರಕ್ಕೆ ಇಳಿದದ್ದು ಮಂಡಿವರೆಗೆ, ಅದೂ ಬೇರೆಯವರ ಮಕ್ಕಳನ್ನು ಎಳೆದು ತರಲಿಕ್ಕೆ. ಒಂದು ದಿನ ಬೆಳಗಾಗುವ ಹೊತ್ತಿಗೆ ಮಗಳನ್ನು ದಡದಲ್ಲಿ ಕೂರಿಸಿ, ಹಳೇ ಚೂಡಿದಾರ ಹಾಕಿಕೊಂಡು, ತೆರೆ ಸಣ್ಣದಿರುವ ಜಾಗ ನೋಡಿ ಕುತ್ತಿಗೆವರೆಗೆ ಬರುವ ಹಾಗೆ ನೀರಿನಲ್ಲಿ ಕೂತುಬಿಟ್ಟೆ. ಏನು ಹಾಯಿ ಅಂತೀರಿ! ತೆರೆ ಬಂದಾಗ ಒಮ್ಮೆ ಎತ್ತುತ್ತದೆ, ಇಳಿಸುತ್ತದೆ, ಕಾಲಡಿಯ ಮರಳು ಕಚಗುಳಿ ಇಟ್ಟು ಜಾರುತ್ತದೆ. ಆ ಕಡೆ ಬಲೆ ಎಳೆಯುತ್ತಿದ್ದವರಲ್ಲಿ ಒಬ್ಬ ಹೆಂಗಸು ನೋಡಿ ಕೂಗಿದಳು. "ಅಕ್ಕಾ, ಎಂತ ಬಿತ್ತು?" ಎಂತದೂ ಇಲ್ಲ ಅಂದೆ. ಗಾಳಿಗೆ ಕೇಳಿಸಲಿಲ್ಲವೋ ಏನೋ. ಇಷ್ಟು ಬೆಳಿಗ್ಗೆ ಸಂಸಾರಸ್ಥೆ ಒಬ್ಬಳು ನೀರಲ್ಲಿ ಕೂತಿದ್ದಾಳೆ ಅಂದರೆ ಏನೋ ಕಳೆದಿರಲೇಬೇಕು. "ಕರಿಮಣಿ ಹೋಯ್ತಂತೆ!" ಅಂತ ಅವಳೇ ತೀರ್ಮಾನ ಮಾಡಿದಳು. ನಾಲ್ಕೈದು ಜನ ಬಲೆ ಬಿಟ್ಟು ಓಡಿ ಬಂದರು. ಇಬ್ಬರು ಮುಳುಗಿ ಮುಳುಗಿ ಮರಳು ಬಾಚಿದರು. ಅವರ ಕಳಕಳಿ ನೋಡಿ, ನಾನು ಸುಮ್ನೆ ಕೂತಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ. ಕುತ್ತಿಗೆಯ ಕರಿಮಣಿಯನ್ನು ಮೆಲ್ಲಗೆ ಒಳಗೆ ಸೇರಿಸಿಕೊಂಡು ನಾನೂ ಹುಡುಕಿದೆ. ಕೊನೆಗೆ ಯಾರದ್ದೋ ಒಂದು ಕನ್ನಡಕ ಸಿಕ್ಕಿತು. ಅದನ್ನೇ ನನ್ನದು ಅಂತ ತೆಗೆದುಕೊಂಡು, ಕಣ್ಣಿಗೆ ಹಾಕಿಕೊಂಡು, ದಾರಿ ಸರಿಯಾಗಿ ಕಾಣದೆ ಎಡವುತ್ತಾ ಮನೆಗೆ ಬಂದೆ.

ಆಟದ ದಿನಕ್ಕೆ ಸರಿಯಾಗಿ ಅತ್ತೆಯ ತಂಗಿಯ ಮಗ, ಅಂದರೆ ನನ್ನ ಮೈದುನ, ಸಂಸಾರ ಸಮೇತ ಬೆಂಗಳೂರಿನಿಂದ ಇಳಿದ. ಮೊದಲ ಷರತ್ತು ಅಲ್ಲಿಗೆ ಮುಗಿಯಿತು. ಆಟ ನೋಡಲು ಅವರೂ ಬಂದರು. ಕೆರೆಮನೆಯ ಇಡಗುಂಜಿ ಮೇಳ 1934ರಲ್ಲೇ ಶುರುವಾದದ್ದು, ನಮ್ಮ ಸೀಮೆಗೆ ಬಡಗು ಶೈಲಿಯ ಆಟ ಅಂದರೆ ಹಬ್ಬ ಅಂತ ನಾನು ದಾರಿಯಲ್ಲಿ ವಿವರಿಸುತ್ತಿದ್ದರೆ ಮೈದುನನ ಹೆಂಡತಿ ಕೇಳಿದ್ದು, ಇಂಟರ್ವಲ್ ಎಷ್ಟೊತ್ತಿಗೆ ಅಂತ. ಹನ್ನೆರಡರ ಹೊತ್ತಿಗೆ ಇಡೀ ಬಳಗ ಚಾಪೆಯ ಮೇಲೆ ಉರುಳಿತು. ಇವರ ಗೊರಕೆ ಭಾಗವತರ ಶ್ರುತಿಗೆ ಕೂಡುತ್ತಿರಲಿಲ್ಲ, ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದರು. ನಾನು ಮಾತ್ರ ಚಹಾದ ಮೇಲೆ ಚಹಾ ಕುಡಿದು ಎದ್ದೇ ಇದ್ದೆ. ಬೆಳಗಿನ ಜಾವ, ಇಡೀ ರಾತ್ರಿ ಕಾದ ಬಣ್ಣದ ವೇಷ ಬಂತು. ಚಂಡೆ ಬಿತ್ತು ನೋಡಿ, ಮೈದುನನ ನಾಲ್ಕು ವರ್ಷದ ಮಾಣಿ ಎದ್ದು ಕಿಟಾರನೆ ಕಿರುಚಿದ. ಅವನ ಅಪ್ಪ ಅಮ್ಮ ಅಲ್ಲಾಡಲಿಲ್ಲ. ಎತ್ತಿಕೊಂಡು ಹೊರಗೆ ಹೋದೆ. ಅವನ ಅಳು ನಿಲ್ಲುವಷ್ಟರಲ್ಲಿ ಆ ವೇಷ ಅಬ್ಬರಿಸಿ, ಕುಣಿದು, ಒಳಗೆ ಬಂದಾಗಿತ್ತು.

ಒಳಗೆ ಅಂದರೆ ನಾವು ನಿಂತಿದ್ದ ಚೌಕಿಯ, ವೇಷ ಕಟ್ಟುವ ಜಾಗದ, ಬಾಗಿಲಿಗೆ. ರಾಕ್ಷಸ ಕಿರೀಟ ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟ. ಮುಖದ ಬಣ್ಣದಲ್ಲಿ ಬೆವರು ಗೀರು ಗೀರಾಗಿ ಇಳಿದಿತ್ತು. ಚಹಾದ ಲೋಟ ಎತ್ತಿ, ಅಂಟಿಸಿದ ಮೀಸೆಗೆ ತಾಗದ ಹಾಗೆ ಕತ್ತು ಹಿಂದಕ್ಕೆ ಚಾಚಿ, ಮೇಲಿಂದ ಬಾಯಿಗೆ ಹೊಯ್ದುಕೊಂಡ. ಆಮೇಲೆ ನಮ್ಮ ಕಡೆ ತಿರುಗಿ ಬಹಳ ಸಣ್ಣ ದನಿಯಲ್ಲಿ "ಬಿಸ್ಕೀಟ್ ಬೇಕಾ ಮಾಣಿ?" ಅಂದ. ಮಾಣಿ ಎರಡು ತೆಗೆದುಕೊಂಡ. ಅದಾದ ಮೇಲೆ ಊರಿಗೆ ಹೋಗುವವರೆಗೂ ಅವನು ರಾಕ್ಷಸನ ಪಕ್ಷ.

ಇಶಾಡದ್ದು ಹೆಚ್ಚು ಹೇಳುವಂಥದ್ದಲ್ಲ, ತಿನ್ನುವಂಥದ್ದು. ಅಂಕೋಲಾ ಹೆದ್ದಾರಿಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹಾಲಕ್ಕಿ ಹೆಂಗಸರ ಹತ್ತಿರ ತಗೊಳ್ಳಬೇಕು. 2023ರಲ್ಲಿ ಈ ಹಣ್ಣಿಗೆ ಜಿಐ ಟ್ಯಾಗ್ ಸಿಕ್ಕಿದೆ, ನಮ್ಮ ಶಿರಸಿ ಅಪ್ಪೆಮಿಡಿಗೆ ಅದಕ್ಕೂ ಮೊದಲೇ ಸಿಕ್ಕಿದೆ. ಹಣ್ಣನ್ನು ಅಂಗೈಯಲ್ಲಿ ಹಿಚುಕಿ ಮೆತ್ತಗೆ ಮಾಡಿ, ತೊಟ್ಟಿನ ಕಡೆ ಕಚ್ಚಿ, ಸೊನೆ ಉಗಿದು, ಹೀರಬೇಕು. ರಸ ಮೊಣಕೈವರೆಗೆ ಇಳಿಯಬೇಕು. ಮೈದುನನ ಹೆಂಡತಿ ಪ್ಲೇಟು, ಫೋರ್ಕು ಕೇಳಿದಳು. ಅತ್ತೆ ಕೇಳಿಸದವರ ಹಾಗೆ ಹಣ್ಣು ಹೀರಿದರು. ಮೈದುನ ಬೆಂಗಳೂರಿಗೆ ಅಂತ ಒಂದು ಬುಟ್ಟಿ ತುಂಬ ಕೊಂಡ. ಈ ಹಣ್ಣು ಜಾಸ್ತಿ ದಿನ ತಡೆಯುವುದಿಲ್ಲ ಅಂದರೂ ಕೇಳಲಿಲ್ಲ. ಯಾಣ ನೋಡಿಕೊಂಡು, ಇನ್ನೆರಡು ದಿನ ಇದ್ದು ಹೊರಟ. ಕಾರಿನ ವಾಸನೆ ಇನ್ನೂ ಹೋಗಿಲ್ಲವಂತೆ.

ಯಾಣಕ್ಕೆ ನಾನು ಅವರ ಜೊತೆ ಹೋಗಲಿಲ್ಲ. ಹಪ್ಪಳ ಒಣಗಿದೆ, ಮೋಡ ಬೇರೆ ಆಗಿದೆ ಅಂತ ಹೇಳಿ ಉಳಿದೆ. ಅತ್ತೆಯ ಹಪ್ಪಳ ಉಪಯೋಗಕ್ಕೆ ಬಂದದ್ದು ಅದೊಂದು ಸಲ. ಅವರು ಊರಿಗೆ ಹೋದ ಮೇಲೆ, ವಾರದ ನಡುವೆ, ಮಗಳ ಜೊತೆ ಹೋದೆ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅನ್ನುತ್ತಾರಲ್ಲ, ನನಗೆ ಆವತ್ತು ಸೊಕ್ಕು ಭರ್ಜರಿ ಇತ್ತು. ಮೆಟ್ಟಿಲು ಹತ್ತಿದರೆ ಎದುರಿಗೇ ಭೈರವೇಶ್ವರ ಶಿಖರ. 120 ಮೀಟರ್ ಎತ್ತರದ ಕಪ್ಪು ಬಂಡೆ, ಎಷ್ಟು ಹಿಂದೆ ಬಾಗಿದರೂ ತುದಿ ಸಿಗುವುದಿಲ್ಲ, ಮೇಲೆಲ್ಲ ಹೆಜ್ಜೇನು. ಗುಹೆಯೊಳಗೆ ತಂಪು, ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ನಿಂತೆ. ಕೈಯಲ್ಲಿ ಒಂದು ಬ್ಯಾಗಿಲ್ಲ, ಬಾಟ್ಲಿಯಿಲ್ಲ. ಬಂಡೆಯ ಮೇಲೆ ಅಂಗೈ ಇಟ್ಟೆ, ಒದ್ದೆ ಒದ್ದೆ.

"ಮೇಡಂ, ಸ್ವಲ್ಪ ಈ ಬ್ಯಾಗ್ ಹಿಡ್ಕೊಳ್ತೀರಾ? ಒಂದು ಫೋಟೋನೂ ತೆಗೀರಿ."

ದಾವಣಗೆರೆ ಕಡೆಯವರು, ಒಂದು ಟೆಂಪೋ ಟ್ರಾವೆಲರ್ ಜನ. ನನ್ನ ಮುಖದಲ್ಲೇ ಬರೆದಿದೆಯೋ ಏನೋ. ಬ್ಯಾಗು ಹಿಡಿದೆ, ಫೋಟೋ ತೆಗೆದೆ, ಪಕ್ಕದ ಮೋಹಿನಿ ಶಿಖರ ತೋರಿಸಿದೆ, ವಿಭೂತಿ ಜಲಪಾತಕ್ಕೆ ದಾರಿ ಹೇಳಿದೆ. ಮಗಳು ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು.

ಅಪ್ಪೆಹುಳಿಯ ನಿದ್ದೆ ಈ ವರ್ಷ ಆಗಲಿಲ್ಲ. ಸೂಜಿಮೆಣಸಿನ ಒಗ್ಗರಣೆ ಹಾಕಿದ ಅಪ್ಪೆಹುಳಿ ಎರಡು ಲೋಟ ಕುಡಿದು, ಫ್ಯಾನಿನ ಕೆಳಗೆ ಚಾಪೆ ಹಾಸಿ, ಕಣ್ಣು ಮುಚ್ಚುತ್ತಿದ್ದ ಹಾಗೇ ಅತ್ತೆ ಬಂದು ತಲೆ ಹತ್ತಿರ ಕೂತರು. ಕೈಯಲ್ಲಿ ಪೆನ್ನು. "ಯಂದೂ ಒಂದು ಬರಿ" ಅಂದರು. ಎಂತದು ಅಂದೆ. ಬೆಂಗಳೂರಿಗೆ ಹೋಗಬೇಕು, ಆ ಮೈದುನನ ಮನೆಗೇ ಹೋಗಬೇಕು, ಎಂಟು ದಿನ ಇರಬೇಕು, ದಿನಾ ಬೆಳಿಗ್ಗೆ ತಿಂಡಿ ತಿಂದು ಕೈ ತೊಳೆದು, ಇವತ್ತು ಎಂತ ತೋರಿಸ್ತೀರಿ ಅಂತ ಕೇಳಬೇಕು. ನಾನು ಎದ್ದು ಕೂತೆ. ನಿದ್ದೆ ಹಾರಿಹೋಯಿತು.

ಮೈದುನನಿಗೆ ಅತ್ತೆಯೇ ಫೋನ್ ಮಾಡಿದರು. ಇಲ್ಲಿ ಸಿಕ್ಕಾಪಟ್ಟೆ ಬಿಸಿಲು ದೊಡ್ಡಾಯಿ, ನೀರಿಗೂ ತೊಂದರೆ, ನೋಡುವಂಥದ್ದು ಏನೂ ಇಲ್ಲ ಅಂತ ಅವನು ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಅತ್ತೆ "ಅಡ್ಡಿಲ್ಲೆ, ಅಡ್ಡಿಲ್ಲೆ" ಅನ್ನುತ್ತಾ ಕಾಲಿನಿಂದಲೇ ಒಂದು ಗೋಣಿಚೀಲ ನನ್ನ ಕಡೆ ತಳ್ಳಿದರು. ಹಿತ್ತಿಲಿನ ಬಕ್ಕೆ ಹಲಸು ಎರಡು ಬಲಿತಿದ್ದವು. ಇವರು ಬಸ್ಸಿಗೆ ಟಿಕೆಟ್ ಬುಕ್ ಮಾಡಿ, ಕಿಟಕಿ ಪಕ್ಕದ ಸೀಟು ಅತ್ತೆಗೆ ಇಟ್ಟಿದ್ದಾರೆ.